ಕಪ್ತಾನನ ಗಡ್ಡ, ಕರಡಣ್ಣನ ನೂಡಲ್ಸ್

"ಎಳೆಗೆ ಎಳೆ ಅಂಟದ ಹಾಗೆ ನೂಡಲ್ಸ್ ಮಾಡಿ ನಿನ್ನ ಮುಂದೆ ಇಡದಿದ್ರೆ, ನಾಳೆಯಿಂದ ಕೆಂಪು ಪೆನ್ನು ಮುಟ್ಟಲ್ಲ ನಾನು!"

ಹೀಗೆಂದು ಕರಡಣ್ಣ ಊಟದ ಮೇಜು ಬಡಿದು ಶಪಥ ಮಾಡಿದಾಗ ಅವನ ಹೆಂಡತಿ ತಲೆಯೆತ್ತಿಯೂ ನೋಡಲಿಲ್ಲ. ಅವಳ ತೊಡೆಯ ಮೇಲೆ ಇನ್ನೊಂದು ತಲೆ ಇತ್ತು. ಮರದ ತಲೆ. ಅದಕ್ಕೆ ತೊಡಿಸಿದ್ದ ಬಲೆಯೊಳಗೆ ಅವಳು ಒಂದೊಂದೇ ಬಿಳಿ ಕೂದಲನ್ನು ಕೊಕ್ಕೆಸೂಜಿಯಿಂದ ಎಳೆದು ಗಂಟು ಹಾಕುತ್ತಿದ್ದಳು. "ಹೂಂ" ಎಂದಳು. ಆ "ಹೂಂ" ಗಂಡನಿಗೋ ಮರದ ತಲೆಗೋ ಗೊತ್ತಾಗಲಿಲ್ಲ.

ಕರಡಣ್ಣ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಇಪ್ಪತ್ತೆರಡು ವರ್ಷ ಕಂಡವರ ತಪ್ಪುಗಳನ್ನು ಹೆಕ್ಕಿ ಹೆಕ್ಕಿ ಅದು ಸವೆದುಹೋಗಿ ಕರಡಣ್ಣ ಎಂಬುದಷ್ಟೇ ಉಳಿದಿತ್ತು. ಮದುವೆಯ ಆಮಂತ್ರಣವಿರಲಿ, ಔಷಧಿ ಡಬ್ಬಿಯೊಳಗಿನ ಚೀಟಿಯಿರಲಿ, ಅವನ ಕಣ್ಣಿಗೆ ಬಿತ್ತೆಂದರೆ ಅದಕ್ಕೆ ಕೆಂಪು ಗೀರು ಬಿತ್ತೆಂದೇ ಲೆಕ್ಕ. ಲೋಕದಲ್ಲಿ ತಪ್ಪು ಮಾಡುವವರು, ತಪ್ಪು ಹಿಡಿಯುವವರು ಎಂದು ಎರಡೇ ಜಾತಿ, ತಾನು ಎರಡನೆಯದಕ್ಕೆ ಸೇರಿದವನು ಎಂದು ಅವನು ಗಟ್ಟಿಯಾಗಿ ನಂಬಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಿರಾಕಿ. ನಾಲ್ಕನೆಯ ಕಾಲು ಕಂಡರೆ ಅದಕ್ಕೂ ಕೆಂಪು ಗೀರು ಹಾಕುತ್ತಿದ್ದ.

ಹೆಂಡತಿ ನಾಟಕದವರಿಗೆ ವಿಗ್ಗು, ಗಡ್ಡ, ಮೀಸೆ ಮಾಡಿಕೊಡುವವಳು. ಹತ್ತು ವರ್ಷ ಶಾಲೆಯ ಮಕ್ಕಳ ನಾಟಕಕ್ಕೆ ಹತ್ತಿಯ ಗಡ್ಡ ಅಂಟಿಸಿ ಅಂಟಿಸಿ ಬೇಸತ್ತವಳಿಗೆ ಈ ಸಲ ದೊಡ್ಡ ನಾಟಕ ಕಂಪನಿಯಿಂದ ಕರೆ ಬಂದಿತ್ತು. ಹಡಗು ಒಡೆದು, ಮುದಿ ಕಪ್ತಾನನೊಬ್ಬ ನಲವತ್ತು ದಿನ ಸಮುದ್ರದ ಮೇಲೆ ಹಸಿದು ತೇಲುವ ಕಥೆ ಅದು. ಕಪ್ತಾನನಿಗೆ ಸೊಂಟದವರೆಗೆ ಗಡ್ಡ. ಅದೂ ಎಂಥದ್ದು? ಹಾಲುಬಿಳುಪು ಕೂಡದು, ಉಪ್ಪುಗಾಳಿ ತಿಂದು ಚೂರು ಹಳದಿಗೆ ತಿರುಗಿದ ಬಿಳುಪು ಬೇಕು. ನೆಟ್ಟಗಿರಬಾರದು, ಅಲೆ ಅಲೆಯಾಗಿ ಇಳಿಯಬೇಕು. ಈ ಗಡ್ಡ ಗೆದ್ದರೆ ಇಡೀ ವರ್ಷದ ಕೂದಲಿನ ಕೆಲಸವೆಲ್ಲ ನಿಮಗೇ, ಕೆಟ್ಟರೆ ಮತ್ತೆ ಈ ಬಾಗಿಲಿಗೆ ಬರಬೇಡಿ ಎಂದು ನಿರ್ದೇಶಕ ಹೇಳಿಬಿಟ್ಟಿದ್ದ. ಅವಳು ದೂರದ ಹಿಮಬೆಟ್ಟಗಳಿಂದ ಚಮರೀಮೃಗದ ಕೂದಲು ತರಿಸಿದ್ದಳು. ಅದು ಬಂದು ಸೇರುವುದಕ್ಕೇ ಎರಡು ತಿಂಗಳು ಹಿಡಿದಿತ್ತು.

ಹೀಗಾಗಿ ಮನೆಯಲ್ಲಿ ಒಲೆ ಹೊತ್ತಿದರೆ ಕೂದಲು ಬೇಯಿಸುವುದಕ್ಕೆ ಮಾತ್ರ. ಮನುಷ್ಯರ ಊಟ ಮೂಲೆಯಂಗಡಿಯಿಂದ ಬರುತ್ತಿತ್ತು. ಒಂದು ದಿನ ಅಲ್ಲಿಂದ ಬಂದ ಚೈನೀಸ್ ನೂಡಲ್ಸನ್ನು ಹೆಂಡತಿ ಮುಳ್ಳುಚಮಚದಲ್ಲಿ ಮೇಲೆತ್ತಿ, ಬೆಳಕಿಗೆ ಹಿಡಿದು, "ಏನ್ ಚೆನ್ನಾಗಿ ಬಿಡಿಬಿಡಿಯಾಗಿದೆ ರೀ. ಬಾಚಿದ ಹಾಗಿದೆ" ಎಂದಳು. ಬಾಚಿದ ಹಾಗಿದೆ ಎನ್ನುವುದು ಅವಳ ಬಾಯಲ್ಲಿ ಬರಬಹುದಾದ ಅತಿ ದೊಡ್ಡ ಹೊಗಳಿಕೆ. ಹದಿನೈದು ವರ್ಷದ ಸಂಸಾರದಲ್ಲಿ ಕರಡಣ್ಣನಿಗೆ ಅದು ಒಂದು ಸಲವೂ ಸಿಕ್ಕಿರಲಿಲ್ಲ, ಅವನ ತಲೆಗೂದಲಿಗೂ ಸಿಕ್ಕಿರಲಿಲ್ಲ. ಅವನ ಹೊಟ್ಟೆಯಲ್ಲಿ ನೂಡಲ್ಸಿನ ಜೊತೆಗೆ ಕಿಚ್ಚೂ ಇಳಿಯಿತು. ಮೇಲಿನ ಶಪಥ ಹುಟ್ಟಿದ್ದು ಆಗ.

ಮರುದಿನವೇ ಅವನು ಮೂಲೆಯಂಗಡಿಯ ಅಡುಗೆಯವನ ಹತ್ತಿರ ಹೋಗಿ, ಒಂದು ಗಂಟೆ ನಿಂತು ವಿಚಾರಣೆ ನಡೆಸಿದ. ಅವನ ಕಾಟ ತಡೆಯಲಾರದೆ ಅಡುಗೆಯವ ಗುಟ್ಟು ಬಿಟ್ಟುಕೊಟ್ಟ: ಬೇಯಿಸಿದ್ದನ್ನು ಬಸಿದು, ಎಣ್ಣೆ ಸವರಿ, ಒದ್ದೆ ಬಟ್ಟೆ ಮುಚ್ಚಿ ತಂಪಾದ ಕಡೆ ಒಂದು ಗಂಟೆ ಇಡಬೇಕು. ಆಮೇಲೆ ಉರಿ ಎಷ್ಟು ಜೋರಾಗುತ್ತದೋ ಅಷ್ಟೂ ಮಾಡಿ ಬಾಣಲೆಯಲ್ಲಿ ಚಿಮ್ಮಿಸಬೇಕು. ಸುಟ್ಟ ಹೊಗೆಯ ವಾಸನೆ ಗಮ್ಮೆಂದು ಬಂದಾಗ ಇಳಿಸಬೇಕು. "ಆ ಸುಟ್ಟ ವಾಸನೆ ಬರ್ಲಿಲ್ಲ ಅಂದ್ರೆ ಅದು ನೂಡಲ್ಸೇ ಅಲ್ಲ" ಎಂದ. ಕರಡಣ್ಣ ಅದನ್ನೆಲ್ಲ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದ. ನಾಟಕದ ಮೊದಲ ಪ್ರದರ್ಶನದ ದಿನವೇ ಬಿಸಿ ಬಿಸಿ ನೂಡಲ್ಸನ್ನು ರಂಗಮಂದಿರಕ್ಕೆ ಒಯ್ದು, ಎಲ್ಲರೆದುರು ಹೆಂಡತಿಗೆ ತಿನ್ನಿಸಿ, ಅವಳ ಬಾಯಿಂದ ಆ ಮಾತು ಹೊರಡಿಸುವುದೆಂದು ನಿಶ್ಚಯಿಸಿದ.

ಆ ದಿನ ಬಂತು. ತಲೆಯ ವಿಗ್ಗು ಸಿದ್ಧವಾಗಿತ್ತು. ಗಡ್ಡ ಮಾತ್ರ ಬಲೆಗೆ ಕಟ್ಟುವಂಥದ್ದಲ್ಲ. ಬಿರುಗಾಳಿಯ ದೃಶ್ಯದಲ್ಲಿ ಎಳೆದಾಡಿದರೂ ಕಿತ್ತು ಬರಬಾರದೆಂದು ಎಳೆ ಎಳೆಯಾಗಿ ನಟನ ಮುಖಕ್ಕೇ ಅಂಟಿಸಬೇಕಾಗಿತ್ತು. ಬೆಳಿಗ್ಗೆಯೇ ಹೆಂಡತಿ ಕೂದಲನ್ನು ಕಡ್ಡಿಗಳಿಗೆ ಸುತ್ತಿ, ಕುದಿಸಿ, ಅಲೆ ಬರಿಸಿ, ಬಿಚ್ಚಿ, ಎಣ್ಣೆ ಸವರಿ, ತೂತಿನ ಪಾತ್ರೆಯಲ್ಲಿ ಹರಡಿ, ಒದ್ದೆ ಬಟ್ಟೆ ಮುಚ್ಚಿ ಅಡುಗೆಮನೆಯ ಕಿಟಕಿಯ ಹತ್ತಿರ ಇಟ್ಟಳು. ಒಣಗಿದರೆ ಅಲೆ ಬಿಟ್ಟುಹೋಗುತ್ತದೆ. ವಿಗ್ಗು ತೊಡಿಸಲು ತಾನು ಮೊದಲೇ ಹೋಗುವುದಾಗಿಯೂ, ಅವನು ನಾಲ್ಕು ಗಂಟೆಗೆ ಈ ಪಾತ್ರೆಯನ್ನು ಹಾಗೇ ಎತ್ತಿಕೊಂಡು ಬರಬೇಕೆಂದೂ ಗಂಡನಿಗೆ ಮೂರು ಸಲ ಹೇಳಿದಳು.

"ಬಟ್ಟೆ ತೆಗೀಬೇಡಿ. ಒಳಗೆ ನೋಡ್ಬೇಡಿ. ಸುಮ್ನೆ ಎತ್ಕೊಂಡು ಬನ್ನಿ. ಇದು ನನ್ನ ಜೀವ ರೀ."

"ನನಗೇ ಹೇಳ್ತೀಯಾ? ಇಪ್ಪತ್ತೆರಡು ವರ್ಷದಲ್ಲಿ ಒಂದು ಅಲ್ಪವಿರಾಮ ಆಚೀಚೆ ಆಗಿಲ್ಲ ನನ್ನ ಕೈಲಿ" ಎಂದ ಕರಡಣ್ಣ.

ಅವಳು ಹೋದ ಮೇಲೆ ಅವನು ಸೊಂಟಕ್ಕೆ ಟವಲು ಬಿಗಿದ. ನೂಡಲ್ಸ್ ಕುದಿಸಿದ. ಬಸಿದ. ಎಣ್ಣೆ ಸವರಿದ. ಮನೆಯಲ್ಲಿದ್ದ ಇನ್ನೊಂದು ತೂತಿನ ಪಾತ್ರೆಗೆ ಸುರಿದು ಒದ್ದೆ ಬಟ್ಟೆ ಮುಚ್ಚಿದ. ತಂಪಾದ ಕಡೆ ಎಂದರೆ ಆ ಅಡುಗೆಮನೆಯಲ್ಲಿ ಕಿಟಕಿಯೊಂದೇ. ಹೆಂಡತಿಯ ಪಾತ್ರೆಯ ಪಕ್ಕದಲ್ಲಿ ತನ್ನದನ್ನು ಇಟ್ಟ. ಗೊಂದಲಕ್ಕೆ ಎಡೆಯಿರಬಾರದಲ್ಲ! ಎಡಗಡೆಯದು ಹೆಂಡತಿಯದು, ಬಲಗಡೆಯದು ತನ್ನದು ಎಂದು ಗಟ್ಟಿಯಾಗಿ ಎರಡು ಸಲ ಹೇಳಿಕೊಂಡು, ತರಕಾರಿ ಅಂಗಡಿಗೆ ಹೋದ.

ಅವನು ಅತ್ತ ಹೋದದ್ದೇ ತಡ, ಮೋಡ ಸರಿದು ಕಿಟಕಿಗೆ ಬಿಸಿಲು ಬಿತ್ತು. ಮನೆಯಲ್ಲಿದ್ದವರು ಅತ್ತೆ, ಅಂದರೆ ಹೆಂಡತಿಯ ತಾಯಿ. ಬಹಳ ಒಳ್ಳೆಯ ಹೆಂಗಸು. ಅಳಿಯನ ಮನೆಯಲ್ಲಿರುವಾಗ ಅಳಿಯನ ಯಾವ ಕೆಲಸಕ್ಕೂ ಹೆಸರಿಡಬಾರದು, ಕೈಲಾದ ಸಹಾಯ ಮಾಡಬೇಕು ಎಂಬುದು ಅವರ ನೇಮ. ಮಗಳ ಗಡ್ಡ ಒಣಗೀತು, ಅಳಿಯಂದಿರ ಅಡುಗೆಯೂ ಒಣಗೀತು ಎಂದು ಮರುಗಿ, ಎರಡೂ ಪಾತ್ರೆಗಳನ್ನು ಎತ್ತಿ ಮೇಜಿನ ಆಚೆ ಬದಿಯ ನೆರಳಿಗೆ ತಂದಿಟ್ಟರು. ಯಾವುದು ಎಡಕ್ಕಿತ್ತು, ಯಾವುದು ಬಲಕ್ಕಿತ್ತು ಎಂದು ನೋಡಿಡುವ ಅಗತ್ಯ ಅವರಿಗೆ ಕಾಣಲಿಲ್ಲ. ಕಾಣಬೇಕಾದ ಕಾರಣವೂ ಇರಲಿಲ್ಲ.

ಕರಡಣ್ಣ ಬಂದ. ಪಾತ್ರೆಗಳು ಮೇಜಿನ ಮೇಲಿದ್ದವು. ಅತ್ತೆ ಎತ್ತಿಟ್ಟಿದ್ದಾರೆ, ಸಂತೋಷ. ಎಡಗಡೆಯದು ಅವಳದು, ಬಲಗಡೆಯದು ನನ್ನದು! ಎಲೆಕೋಸು, ಕ್ಯಾರೆಟ್ಟು, ದೊಣ್ಣೆಮೆಣಸಿನಕಾಯಿಗಳನ್ನು ಒಂದೇ ಅಳತೆಗೆ ಹೆಚ್ಚಿ, ಬಾಣಲೆ ಕೆಂಪಗಾಗುವಂತೆ ಉರಿ ಏರಿಸಿ, ಬೆಳ್ಳುಳ್ಳಿ ಎಸೆದು, ತರಕಾರಿ ಎಸೆದು, ಬಲಗಡೆಯ ಪಾತ್ರೆಯ ಬಟ್ಟೆ ಸರಿಸಿದವನೇ ಒಳಗಿದ್ದುದನ್ನು ಬಾಣಲೆಗೆ ಮಗುಚಿದ. ಮೂರು ತಿಂಗಳ ಶ್ರಮ, ಎರಡು ತಿಂಗಳ ಪ್ರಯಾಣ, ಹಿಮಬೆಟ್ಟದ ಚಮರೀಮೃಗದ ಬಾಲ, ಕಪ್ತಾನನ ಮಾನ, ಹೆಂಡತಿಯ ಜೀವ, ಎಲ್ಲವೂ ಚುರ್ ಎಂದು ಎಣ್ಣೆಗೆ ಬಿತ್ತು.

ಮೇಲಿನಿಂದ ಅವನು ಸೋಯಾ ಸಾಸ್ ಸುರಿದ.

ಮೊದಲ ಬಾರಿ ಚಿಮ್ಮಿಸಿದಾಗಲೇ ಕರಡಣ್ಣನಿಗೆ ರೋಮಾಂಚನವಾಯಿತು. ಒಂದೇ ಒಂದು ಎಳೆ ಮುರಿಯಲಿಲ್ಲ! ಹೊಡೆದ, ಎಳೆದ, ತಿರುವಿದ, ಎಳೆಗಳು ಜಗ್ಗಲಿಲ್ಲ. ಮೂಲೆಯಂಗಡಿಯವನ ನೂಡಲ್ಸಾದರೂ ಅಲ್ಲಲ್ಲಿ ತುಂಡಾಗಿರುತ್ತಿತ್ತು. ಅಷ್ಟರಲ್ಲಿ ಸುಟ್ಟ ಹೊಗೆಯ ವಾಸನೆ ಎದ್ದಿತು. ಅಬ್ಬಾ, ಎಂಥ ವಾಸನೆ! ಮೂಲೆಯಂಗಡಿಯಲ್ಲಿ ಅದರ ಕಾಲು ಭಾಗವೂ ಬರುತ್ತಿರಲಿಲ್ಲ. ಎದುರುಮನೆಯವರು ಕಿಟಕಿ ಮುಚ್ಚಿದರು. ಬೆಕ್ಕು ಮನೆ ಬಿಟ್ಟು ಹೋಯಿತು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಕರಡಣ್ಣ ಚೀಟಿ ನೋಡಿ, ಸುಟ್ಟ ವಾಸನೆ ಎಂಬ ಸಾಲಿನ ಮುಂದೆ ಸರಿ ಎಂದು ಗುರುತು ಹಾಕಿದ.

ಅಡುಗೆ ಮಾಡಿದವನು ಮೊದಲು ಬೇರೆಯವರಿಗೆ ಬಡಿಸಬೇಕೆಂದು ಅತ್ತೆಗೆ ಒಂದು ತಟ್ಟೆ ಕೊಟ್ಟ. ಅತ್ತೆ ಒಂದು ತುತ್ತು ಬಾಯಿಗಿಟ್ಟರು. ಅಗಿದರು. ಮತ್ತೆ ಅಗಿದರು. ಕರಡಣ್ಣ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಾಗಲೂ ಅದೇ ತುತ್ತನ್ನು ಅಗಿಯುತ್ತಿದ್ದರು.

"ಹೇಗಿದೆ ಅತ್ತೆ?"

ಅತ್ತೆ ಅದನ್ನು ಒಂದು ಕೆನ್ನೆಗೆ ಸರಿಸಿಕೊಂಡು, "ಬಾಳಿಕೆ ಬರುತ್ತೆ ಅಳಿಯಂದ್ರೇ" ಎಂದರು. ಅಷ್ಟೇ ಅಲ್ಲ, ಅಳಿಯ ಬೇಜಾರು ಮಾಡಿಕೊಂಡಾನೆಂದು ಇನ್ನೊಂದು ಚಮಚ ಬಡಿಸಿಕೊಂಡರು.

ನಾಲ್ಕು ಗಂಟೆಗೆ ಸರಿಯಾಗಿ ಕರಡಣ್ಣ ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಮುಚ್ಚಿದ ಪಾತ್ರೆ ಹಿಡಿದು, ಹಿಂದೆ ಅತ್ತೆಯನ್ನು ಕರೆದುಕೊಂಡು ರಂಗಮಂದಿರದ ಬಣ್ಣದ ಕೋಣೆಗೆ ಬಂದ. ಬಲ್ಬುಗಳ ಸಾಲು ಉರಿಯುತ್ತಿದ್ದ ಕನ್ನಡಿಯ ಮುಂದೆ ಕಪ್ತಾನನ ಪಾತ್ರದವನು ಕೂತಿದ್ದ. ಭಾರೀ ಆಳು, ಭಾರೀ ಕಂಠ. ಮೊದಲ ಪ್ರದರ್ಶನದ ದಿನ ಬೆಳಗಿನಿಂದ ಏನೂ ತಿನ್ನದೆ ರಂಗಕ್ಕೆ ಹೋಗುವುದು ಆ ಕಂಪನಿಯ ನಟರ ಪದ್ಧತಿ. ಹೀಗಾಗಿ ಅವನು ಕೆರಳಿದ್ದ. ಹೆಂಡತಿ ಅವನ ಗಲ್ಲಕ್ಕೆ ಅಂಟು ಬಳಿದು, ಹಿಂದಿರುಗಿ ನೋಡದೆ ಪಾತ್ರೆಗೆ ಕೈ ಚಾಚಿದಳು.

ಅವಳ ಬೆರಳು ನಿಂತುಬಿಟ್ಟಿತು. ಕಣ್ಣಿಲ್ಲದಿದ್ದರೂ ಕೂದಲು ಗುರುತಿಸುವ ಬೆರಳು ಅದು. ಒಂದು ಎಳೆ ಎತ್ತಿ ನೋಡಿದಳು. ಊಟದ ಡಬ್ಬಿ ತೆರೆದಳು. ಅದರೊಳಗೆ ಕಪ್ತಾನನ ಗಡ್ಡ ಎಲೆಕೋಸಿನ ಜೊತೆ ಮಲಗಿತ್ತು. ಮೇಲೆ ಅಲಂಕಾರಕ್ಕೆ ಈರುಳ್ಳಿ ಸೊಪ್ಪು.

ಕರಡಣ್ಣನಿಗೆ ಇಪ್ಪತ್ತೆರಡು ವರ್ಷದಲ್ಲಿ ತನ್ನಲ್ಲಿ ಸಿಕ್ಕದ ತಪ್ಪು ಒಂದೇ ಗಂಟಿನಲ್ಲಿ ಸಿಕ್ಕಿತ್ತು.

"ನಂಗೆ ಆಗ್ಲೇ ಅನ್ನಿಸ್ತು ಕಣೇ" ಎಂದರು ಅತ್ತೆ ಮೆಲ್ಲಗೆ. "ಅಳಿಯಂದ್ರ ಮನಸ್ಸು ನೋಯಿಸೋದ್ಯಾಕೆ ಅಂತ ಸುಮ್ನಿದ್ದೆ." ಸೆರಗಿನ ತುದಿಯ ಗಂಟು ಬಿಚ್ಚಿ, ತಮ್ಮ ಪಾಲಿನ ಎರಡು ತುತ್ತು ಗಡ್ಡವನ್ನು ಮೇಜಿನ ಮೇಲಿಟ್ಟರು.

ಹೆಂಡತಿ ಕೂಗಾಡಿದ್ದರೆ ಕರಡಣ್ಣ ಬದುಕುತ್ತಿದ್ದ. ಅವಳು ಕೂಗಲಿಲ್ಲ. ಗಡ್ಡವನ್ನು ಬಚ್ಚಲಿಗೆ ಒಯ್ದು ಮೂರು ಸಲ ಸೋಪು ಹಾಕಿ ತೊಳೆದಳು. ಸೋಯಾ ಸಾಸಿನ ಬಣ್ಣ ಬಿಡಲಿಲ್ಲ, ತುದಿಗಳೆಲ್ಲ ಸುಟ್ಟು ಉಂಡೆಗಟ್ಟಿದ್ದವು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ನೋಡಿ ಕರಡಣ್ಣನಿಗೆ ಭೂಮಿ ಬಾಯ್ತೆರೆಯಬಾರದೇ ಎನ್ನಿಸಿತು. ಅಷ್ಟರಲ್ಲಿ ನಿರ್ದೇಶಕ ಬಾಗಿಲಲ್ಲಿ ತಲೆ ತೂರಿಸಿ, ಡಬ್ಬಿಯಲ್ಲಿ ಉಳಿದಿದ್ದ ಎಲೆಕೋಸು ನೋಡಿ, ನನಗೂ ಸ್ವಲ್ಪ ಇದೆಯಾ ಎಂದು ಕೇಳಿದ. ಗಡ್ಡಕ್ಕೆ ಬೆಂಕಿ ಹತ್ತಿ ಉರಿಯುವಾಗ ಬೀಡಿಗೆ ಬೆಂಕಿ ಕೇಳುವುದೆಂದರೆ ಇದೇ. ಪರದೆ ಏಳಲು ಒಂದೂವರೆ ಗಂಟೆ ಇದೆ ಎಂದು ಹೇಳಿ ಹೋದ.

ಹೆಂಡತಿ ಮೇಜಿಗೆ ಹಿಂದಿರುಗಿ, ಪಾತ್ರೆಯಲ್ಲಿದ್ದ ನೂಡಲ್ಸನ್ನು ಬಹಳ ಹೊತ್ತು ನೋಡಿದಳು. ಒಂದು ಹಿಡಿ ಎತ್ತಿ ಕಪ್ತಾನನ ಗಲ್ಲದ ಕೆಳಗೆ ಹಿಡಿದಳು. ಕಣ್ಣು ಕಿರಿದು ಮಾಡಿದಳು. ಚೂರು ಹಳದಿಗೆ ತಿರುಗಿದ ಬಿಳುಪು. ಅಲೆ ಅಲೆ.

"ಬಣ್ಣ ಸರಿಯಾಗಿದೆ" ಎಂದಳು.

ಕಪ್ತಾನ ಪ್ರತಿಭಟಿಸಿದ. ತಾನು ಮೂವತ್ತು ವರ್ಷ ರಂಗದ ಮೇಲೆ ನಿಂತವನು, ಮುಖಕ್ಕೆ ನೂಡಲ್ಸ್ ಕಟ್ಟಿಕೊಂಡವನಲ್ಲ ಎಂದ. ಹಾಗಾದರೆ ಬೋಳುಗಲ್ಲದಲ್ಲಿ ಹೋಗಿ ಎಂದಳು ಅವಳು. ಅವನು ಗಲ್ಲ ಮುಂದೆ ಚಾಚಿದ. ಒಂದು ಗಂಟೆ ಇಪ್ಪತ್ತು ನಿಮಿಷ ಅವಳ ಕೈ ನಿಲ್ಲಲಿಲ್ಲ. ಕರಡಣ್ಣ ಎಳೆ ಬಿಡಿಸಿ ಬಿಡಿಸಿ ಕೊಟ್ಟ, ಅವಳು ಗಲ್ಲಕ್ಕೆ ಗಡ್ಡ, ಮೂಗಿನ ಕೆಳಗೆ ಮೀಸೆ ಎಂದು ಅಂಟಿಸಿದಳು. ಎಳೆಗಳು ಅಲ್ಲಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅದೇ ಗಡ್ಡಕ್ಕೆ ಒಂದು ದಟ್ಟಣೆ ತಂದಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ. ಕಪ್ತಾನನ ಹೊಟ್ಟೆಗೆ ಬೆಳಗಿನಿಂದ ಹಿಟ್ಟಿರಲಿಲ್ಲ, ಗಡ್ಡದ ತುಂಬ ಹಿಟ್ಟೇ.

ಪರದೆ ಎದ್ದಿತು. ಗಂಡ ಹೆಂಡತಿ ರಂಗದ ಪಕ್ಕದ ಕತ್ತಲಲ್ಲಿ ನಿಂತರು. ಮೊದಲ ಅಂಕದಲ್ಲಿ ಗಡ್ಡ ನಿಂತಿತು. ಬಿರುಗಾಳಿಯಲ್ಲಿ ನಾಲ್ಕೈದು ಎಳೆ ಹಾರಿ ಮುಂದಿನ ಸಾಲಿನವರ ಮಡಿಲಿಗೆ ಬಿದ್ದವು. ಅವರು ಅದನ್ನು ಭಕ್ತಿಯಿಂದ ಇಟ್ಟುಕೊಂಡರು. ಮೂರನೆಯ ಅಂಕ ಬಂತು. ಒಡೆದ ದೋಣಿ, ಒಬ್ಬನೇ ಕಪ್ತಾನ, ನಲವತ್ತನೆಯ ದಿನದ ಹಸಿವು. ಮೇಲಿನ ದೀಪಗಳ ಕಾವಿಗೆ ಗಡ್ಡದಿಂದ ಹಿತವಾದ ವಾಸನೆ ಏಳತೊಡಗಿತು. "ಹಸಿವೇ, ಓ ಹಸಿವೇ" ಎಂದು ಅವನು ಬಾಯಿ ತೆರೆದ. ಮೀಸೆಯ ಒಂದು ಎಳೆ ಒಳಗೆ ಹೋಯಿತು.

ಸುರ್.

ಕಪ್ತಾನನ ಕಣ್ಣು ಅರಳಿತು. ಇನ್ನೊಂದು ಎಳೆ ಹೋಯಿತು. ಆಮೇಲೆ ಅವನು ತನ್ನ ಪಾತ್ರವನ್ನು ಮರೆತನೋ, ಪಾತ್ರದೊಳಗೇ ಮುಳುಗಿದನೋ ದೇವರೇ ಬಲ್ಲ. ಎರಡೂ ಕೈಯಲ್ಲಿ ಗಡ್ಡ ಹಿಡಿದು ತಿನ್ನತೊಡಗಿದ. ಸೊಂಟದವರೆಗಿದ್ದದ್ದು ಎದೆಗೆ ಬಂತು, ಎದೆಯಲ್ಲಿದ್ದದ್ದು ಕೊರಳಿಗೆ ಬಂತು. ಹೆಂಡತಿ ಗಂಡನ ಮಣಿಕಟ್ಟು ಹಿಡಿದ ರಭಸಕ್ಕೆ ಉಗುರು ಒಳಗಿಳಿಯಿತು. ಮುಗಿಯಿತು, ವರ್ಷದ ಕೆಲಸ ಅವನ ಹೊಟ್ಟೆಗೆ ಹೋಯಿತು ಎಂದು ಅವಳು ಪಿಸುಗುಟ್ಟಿದಳು. ಕೊನೆಯ ದೃಶ್ಯದಲ್ಲಿ ಕಪ್ತಾನನ ಮಗಳು ಬಂದು, ಅಪ್ಪನನ್ನು ಉದ್ದ ಗಡ್ಡದಿಂದಲೇ ಗುರುತಿಸಬೇಕು. ಪಾತ್ರಧಾರಿ ಹುಡುಗಿ ಓಡಿ ಬಂದಳು. ಗಡ್ಡವಿಲ್ಲ. ಏನು ಹೇಳುವುದು ತೋಚದೆ, "ಅಪ್ಪಾ, ನಿನ್ನ ಗಡ್ಡ ಎಲ್ಲಿ?" ಎಂದುಬಿಟ್ಟಳು.

ಕಪ್ತಾನ ಅವಳನ್ನು ದೀರ್ಘವಾಗಿ ನೋಡಿದ. ಆ ಭಾರೀ ಕಂಠ ನಡುಗಿತು.

"ತಿಂದೆ, ಮಗಳೇ."

ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಸಭಾಂಗಣಕ್ಕೆ ಸಭಾಂಗಣವೇ ಎದ್ದು ನಿಂತಿತು. ಹತ್ತು ನಿಮಿಷ ಚಪ್ಪಾಳೆ ನಿಲ್ಲಲಿಲ್ಲ; ಅತ್ತೆಯಂತೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಪಾಪ, ನನಗೆ ಗೊತ್ತು ಅವನ ಕಷ್ಟ, ಎಂದು ಪಕ್ಕದವರಿಗೆ ಹೇಳುತ್ತಿದ್ದರು.

ನಿರ್ದೇಶಕ ಬಣ್ಣದ ಕೋಣೆಗೆ ನುಗ್ಗಿ ಬಂದು ಹೆಂಡತಿಯ ಎರಡೂ ಕೈ ಹಿಡಿದುಕೊಂಡ. ತಿನ್ನಬಹುದಾದ ಗಡ್ಡ! ಮನುಷ್ಯನ ಹಸಿವು ಅವನನ್ನೇ ತಿನ್ನುವ ಈ ಕಲ್ಪನೆ ತನಗೂ ಮೊದಲಿನಿಂದ ಇತ್ತು, ಅವಳು ಅದನ್ನು ಹೇಗೆ ಅರಿತಳೋ ಎಂದ. ವರ್ಷದ ಕೆಲಸವೆಲ್ಲ ಅವಳದೇ. ಈ ನಾಟಕಕ್ಕೆ ಇನ್ನೂ ನಲವತ್ತು ಪ್ರದರ್ಶನ, ಪ್ರತಿ ಪ್ರದರ್ಶನಕ್ಕೂ ಹೊಸ ಗಡ್ಡ ಬೇಕು ಎಂದ. ಹೆಂಡತಿ ಗಂಡನ ಕಡೆ ನೋಡಿದಳು. ಸಂಜೆ ನಾಲ್ಕರಿಂದ ಮೊದಲ ಬಾರಿಗೆ ಅವಳ ತುಟಿ ಚೂರು ಅರಳಿತು. ಗಡ್ಡ ಬೇಯಿಸುವ ಕೆಲಸ ಇವರದು, ನಲವತ್ತೂ ಇವರೇ ಬೇಯಿಸುತ್ತಾರೆ ಎಂದಳು.

ಕರಡಣ್ಣನಿಗೆ ಹೋದ ಜೀವ ಬಂತು. ಬಂದ ಜೀವದ ಜೊತೆಗೆ ಎದೆಯೂ ಉಬ್ಬಿತು. ಎಷ್ಟೆಂದರೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಅವನ ನೂಡಲ್ಸಿಗೆ! ಅಂಗಿಯ ಕಾಲರು ಸರಿಮಾಡಿಕೊಂಡ. ಅಷ್ಟರಲ್ಲಿ ಕಪ್ತಾನ ಬಂದು ಕನ್ನಡಿಯ ಮುಂದೆ ಕೂತು, ಹೊಟ್ಟೆ ಸವರಿಕೊಳ್ಳುತ್ತ, ಇದನ್ನು ಮಾಡಿದವರು ಯಾರು ಎಂದು ಕೇಳಿದ. ನಾನೇ ಎಂದು ಕರಡಣ್ಣ ಮುಂದೆ ಬಂದ.

"ಗಡ್ಡ ಸಪ್ಪೆ ಸ್ವಾಮಿ. ಬರೀ ಸಪ್ಪೆ. ಆದ್ರೆ ಮೀಸೆ ಇದೆಯಲ್ಲ, ಆಹಾ! ಹದವಾಗಿ ಉಪ್ಪು. ನಾಳೆಯಿಂದ ಗಡ್ಡಾನೂ ಮೀಸೆ ಥರಾನೇ ಮಾಡಿ."

ಕರಡಣ್ಣ ಮೀಸೆಗೆ ಬೇರೆಯಾಗಿ ಉಪ್ಪು ಹಾಕಿರಲಿಲ್ಲ. ಯಾವುದಕ್ಕೂ ಹಾಕಿರಲಿಲ್ಲ. ಆದರೂ ಹೊಗಳಿಕೆಯನ್ನು ಕೈಬಿಡುವುದುಂಟೇ? "ಅದು ಹೇಳಿಕೊಡೋಕೆ ಬರಲ್ಲ. ಕೈಗುಣ" ಎಂದ ಗಂಭೀರವಾಗಿ.

ಹೆಂಡತಿ ಹತ್ತಿಯ ಉಂಡೆಯಿಂದ ಕಪ್ತಾನನ ಮೂಗಿನ ಕೆಳಗೆ ಉಳಿದಿದ್ದ ಅಂಟು ಒರೆಸುತ್ತ, ತಲೆಯೆತ್ತದೆ ಹೇಳಿದಳು:

"ಕೈಗುಣ ಅಲ್ಲ ರೀ. ಅದು ಇವರ ಬೆವರು."